ಠಕ್ಕರ ಸಿನಿಮಾ ಮತ್ತು ಟೈಂಪಾಸ್ ಎಂಬ ತೀರ್ಪು

ಗೆಳೆತನ, ಪ್ರೇಮ ಮತ್ತು ಟೋಪಿ ಹಾಕುವ ಜಾಣ್ಮೆ, ಈ ಮೂರನ್ನು ಕಲಸಿ ನಗಿಸುವ ಹಿಂದಿ ಚಿತ್ರಗಳದ್ದು ಒಂದು ದೊಡ್ಡ ಬಳಗ. ರಾಜ್ ಕಪೂರರ ‘ಶ್ರೀ 420’ (1955) ಅದರ ಹಿರಿಯಣ್ಣ. ಬೆನ್ನಿಗೆ ‘ಪಡೋಸನ್’ (1968), ‘ಗೋಲ್‌ಮಾಲ್’ (1979), ‘ಚಶ್ಮೆ ಬದ್ದೂರ್’ (1981), ‘ಜಾನೆ ಭಿ ದೋ ಯಾರೋ’ (1983), ‘ಅಂದಾಜ್ ಅಪ್ನಾ ಅಪ್ನಾ’ (1994), ‘ಹೇರಾ ಫೇರಿ’ (2000), ‘ಬಂಟಿ ಔರ್ ಬಬ್ಲಿ’ (2005), ‘ಖೋಸ್ಲಾ ಕಾ ಘೋಸ್ಲಾ’ (2006) ಬಂದವು. ಇವುಗಳ ಬಗ್ಗೆ ಓದುಬರಹ ಬಲ್ಲವರಲ್ಲಿ ಒಂದು ತೀರ್ಪು ಎಂದೋ ಸಿದ್ಧವಾಗಿದೆ: ಇವು ಟೈಂಪಾಸ್ ಚಿತ್ರಗಳು, ತಲೆಯಿಲ್ಲದವು, ಬೇರಿಲ್ಲದವು, ಮೇಲಾಗಿ ಮೋಸವನ್ನು ವೈಭವೀಕರಿಸಿ ಹುಡುಗರ ತಲೆ ಕೆಡಿಸುವಂಥವು. ವಿಚಿತ್ರವೆಂದರೆ ಈ ಚಿತ್ರಗಳ ಅಭಿಮಾನಿಗಳೂ ಅದೇ ತೀರ್ಪಿಗೆ ಸಹಿ ಹಾಕುತ್ತಾರೆ. ‘ಲಾಜಿಕ್ ಕೇಳಬೇಡಿ, ನಕ್ಕು ಬನ್ನಿ’ ಎನ್ನುವವನೂ ‘ಇದೆಲ್ಲ ಒಂದು ಸಿನಿಮಾನಾ’ ಎಂದು ಮೂಗು ಮುರಿಯುವವನೂ ಒಪ್ಪಿಕೊಂಡಿರುವುದು ಒಂದೇ ಮಾತನ್ನು, ಈ ಚಿತ್ರಗಳಿಗೆ ತೂಕವಿಲ್ಲ ಎಂಬುದನ್ನು. ಆ ಮಾತು ತಪ್ಪು. ಅದು ಎಷ್ಟು ತಪ್ಪು ಎಂದು ತಿಳಿಯಲು ಬೊಂಬಾಯಿಗೆ ಹೋಗಬೇಕಾಗಿಲ್ಲ, ಚಿತ್ರದುರ್ಗ ಜಿಲ್ಲೆಯ ಉತ್ತರದ ಎರಡು ತಾಲೂಕುಗಳು, ಚಳ್ಳಕೆರೆ ಮತ್ತು ಮೊಳಕಾಲ್ಮೂರು, ಸಾಕು.

ಈ ಎರಡು ತಾಲೂಕುಗಳನ್ನು ಹಿಂದಿ ಸಿನಿಮಾದ ಊರುಗಳೆಂದು ಯಾರೂ ಕರೆಯುವುದಿಲ್ಲ. ಆಂಧ್ರದ ರಾಯದುರ್ಗ, ಕಲ್ಯಾಣದುರ್ಗಗಳು ಪಕ್ಕದಲ್ಲೇ ಇವೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಎಂಬ ಕುಟುಂಬಗಳು ಇಲ್ಲಿ ಬೇಕಾದಷ್ಟು. ಆದರೂ 1980ರ ದಶಕದಲ್ಲಿ ದೂರದರ್ಶನದ ಭಾನುವಾರದ ಹಿಂದಿ ಚಿತ್ರ ದೇಶದ ಉಳಿದ ಊರುಗಳಿಗೆ ಬಂದಂತೆ ಇಲ್ಲಿಗೂ ಬಂತು. ಆಮೇಲೆ ಕೇಬಲ್ಲು, ಈಗ ಅಂಗೈಯ ಮೊಬೈಲು. ಚಳ್ಳಕೆರೆಗೆ ಬೊಂಬಾಯಿಯ ಹೆಸರು ಹೊಸದೂ ಅಲ್ಲ. ಶೇಂಗಾ ಮತ್ತು ಎಣ್ಣೆ ಗಿರಣಿಗಳಿಂದ ಬೆಳೆದ ಈ ಊರಿಗೆ ‘ಎರಡನೇ ಬೊಂಬಾಯಿ’ ಎಂಬ ಅಡ್ಡಹೆಸರು ಬಿದ್ದಿತ್ತು. ಹಿಂದಿ ಹೇರಿಕೆಯ ವಿರುದ್ಧದ ಜಗಳ ಬೇರೆ, ಅದು ನ್ಯಾಯವಾದದ್ದು. ಆ ಜಗಳವನ್ನು ನೆಪವಾಗಿಟ್ಟುಕೊಂಡು ಒಂದು ಬಗೆಯ ಹಾಸ್ಯವನ್ನೇ ತಳ್ಳಿಹಾಕುವುದು ಮಾತ್ರ ನ್ಯಾಯವಲ್ಲ.

ಮೊದಲ ಆಪಾದನೆ, ಬೇರಿಲ್ಲದ್ದು ಎಂಬುದು. ವಂಚಕನನ್ನು ನಾಯಕನನ್ನಾಗಿ ಮಾಡುವ ಚಾಳಿ ಹಾಲಿವುಡ್ಡಿನಿಂದ ಕದ್ದದ್ದು, ಅದಕ್ಕೂ ನಮ್ಮ ನೆಲಕ್ಕೂ ಸಂಬಂಧವಿಲ್ಲ ಎಂದು ಹೇಳುವವರು ಹಗಲುವೇಷವನ್ನು ಮರೆತಿರಬೇಕು. ಬಳ್ಳಾರಿ, ಚಿತ್ರದುರ್ಗ ಸೀಮೆಗಳಲ್ಲಿ ಹಗಲುವೇಷದವರು ಊರಿಗೆ ಬಂದರೆ ಕೆಲವು ದಿನ ಬೀಡುಬಿಟ್ಟು ದಿನಕ್ಕೊಂದು ವೇಷ ಹಾಕುತ್ತಿದ್ದರು. ರಾಮ, ಹನುಮಂತ, ಶೂರ್ಪನಖಿ ಇದ್ದಂತೆಯೇ ಕಪಟ ಸನ್ಯಾಸಿ, ಸಾಲ ವಸೂಲಿಗೆ ಬಂದ ಸಾಹುಕಾರ, ಪೊಲೀಸಿನವನು ಕೂಡ ಅವರ ವೇಷಗಳೇ. ರಂಗಸ್ಥಳವಿಲ್ಲ, ಪರದೆಯಿಲ್ಲ, ನಡುಹಗಲಲ್ಲಿ ಮನೆಯ ಬಾಗಿಲಲ್ಲೇ ಆಟ. ಒಂದು ಗಳಿಗೆ ನೋಡುವವನಿಗೆ ಅನುಮಾನ ಬರಬೇಕು, ಮರುಗಳಿಗೆಗೆ ನಗು ಬರಬೇಕು. ಕೊನೆಯ ದಿನ ಬಣ್ಣ ಅಳಿಸಿಕೊಂಡು ಅದೇ ಬಾಗಿಲುಗಳಿಗೆ ಬಂದು ದವಸವನ್ನೋ ದುಡ್ಡನ್ನೋ ಇನಾಮು ಕೇಳುತ್ತಿದ್ದರು. ತಮ್ಮನ್ನು ಯಾಮಾರಿಸಿದವನಿಗೆ, ಚೆನ್ನಾಗಿ ಯಾಮಾರಿಸಿದನೆಂಬ ಕಾರಣಕ್ಕೆ, ಊರು ಸಂತೋಷದಿಂದ ಕೂಲಿ ಕೊಡುತ್ತಿತ್ತು. ‘ಬಂಟಿ ಔರ್ ಬಬ್ಲಿ’ಯಲ್ಲಿ ಇಬ್ಬರು ಸಣ್ಣ ಊರಿನ ಹುಡುಗ ಹುಡುಗಿ ವೇಷದ ಮೇಲೆ ವೇಷ ಬದಲಿಸುತ್ತ ತಾಜ್‌ಮಹಲನ್ನೇ ಮಾರಿಬಿಡುವುದನ್ನು ಕಂಡು ನಗುವ ಪ್ರೇಕ್ಷಕ ಹಾಲಿವುಡ್ಡಿನ ಶಿಷ್ಯನಾಗಬೇಕಾಗಿಲ್ಲ. ತಾತನ ಕಾಲದ ಒಂದು ಹಗಲನ್ನು ನೆನಪಿಸಿಕೊಂಡರೆ ಸಾಕು.

ಬಯಲಾಟದ ಸಾರಥಿಯೂ ಈ ವಾದಕ್ಕೆ ಸಾಕ್ಷಿ. ದೊಡ್ಡಾಟದಲ್ಲಿ ದುರ್ಯೋಧನನಂಥ ದುರ್ಯೋಧನ ಕಿರೀಟ, ಭುಜಕೀರ್ತಿ ಹೊತ್ತು ರಂಗ ನಡುಗುವಂತೆ ಕುಣಿದು ಬಂದರೂ ಸಾರಥಿ ಎದುರು ನಿಂತು ‘ನೀವು ಯಾರು, ಬಂದ ಕಾರಣವೇನು’ ಎಂದು ಕೇಳದೆ ಬಿಡುವುದಿಲ್ಲ. ಅರಸನ ದೊಡ್ಡ ಮಾತನ್ನು ಊರ ಮಾತಿಗೆ ಇಳಿಸುವುದು, ಇಳಿಸುವ ನೆಪದಲ್ಲಿ ಅದರ ಗಾಳಿ ತೆಗೆಯುವುದು ಅವನ ಕೆಲಸ. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ರಾಮಾಯಣದ ನಡುವೆ ನುಗ್ಗಿ ಮಾಡುವುದೂ ಅದನ್ನೇ. ಪುಸ್ತಕದ ಸಾಕ್ಷಿಯೇ ಬೇಕೆನ್ನುವವರಿಗೆ ಹನ್ನೊಂದನೆಯ ಶತಮಾನದ ದುರ್ಗಸಿಂಹ ಕನ್ನಡದಲ್ಲಿ ಬರೆದ ಪಂಚತಂತ್ರವಿದೆ. ಅಲ್ಲಿ ರಾಜನೀತಿಯನ್ನು ಕಲಿಸುವ ಕಥೆಯ ನಡುವೆ ನಿಂತಿರುವುದು ಒಂದು ನರಿ. ಆ ನರಿ ಮಾಡುವುದೆಲ್ಲ ಇಬ್ಬರು ಗೆಳೆಯರ ನಡುವೆ ಸುಳ್ಳು ಬಿತ್ತುವ ಕೆಲಸ. ಯಾರೂ ಅದನ್ನು ಟೈಂಪಾಸ್ ಎಂದು ಪಠ್ಯದಿಂದ ತೆಗೆದಿಲ್ಲ.

ಎರಡನೆಯ ಆಪಾದನೆ, ತಲೆಯಿಲ್ಲದ್ದು ಎಂಬುದು. ಇದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇಲ್ಲಿಯೇ ಪ್ರಚಲಿತ ಅಭಿಪ್ರಾಯದ ಸೋಮಾರಿತನ ಎದ್ದು ಕಾಣುತ್ತದೆ. ಹೃಷಿಕೇಶ್ ಮುಖರ್ಜಿಯವರ ‘ಗೋಲ್‌ಮಾಲ್’ ಚಿತ್ರದಲ್ಲಿ ಭವಾನಿಶಂಕರ್ ಎಂಬ ಯಜಮಾನನಿದ್ದಾನೆ. ಮೀಸೆಯಿಲ್ಲದವನಿಗೆ ಚಾರಿತ್ರ್ಯವಿಲ್ಲ, ಆಟೋಟದಲ್ಲಿ ಆಸಕ್ತಿಯುಳ್ಳ ಹುಡುಗ ಕೆಲಸಕ್ಕೆ ಬಾರದವನು ಎಂಬುದು ಅವನ ಅಚಲ ನಂಬಿಕೆ. ಕೆಲಸ ಬೇಕಾದ ರಾಮಪ್ರಸಾದ್ ಗಿಡ್ಡ ಕುರ್ತಾ ತೊಟ್ಟು, ಮೀಸೆ ಹೊತ್ತು, ಆಟದ ಹೆಸರೇ ಕೇಳದವನಂತೆ ಸಂದರ್ಶನಕ್ಕೆ ಹೋಗಿ ಗೆಲ್ಲುತ್ತಾನೆ. ಹಾಕಿ ಪಂದ್ಯ ನೋಡುವಾಗ ಯಜಮಾನನ ಕಣ್ಣಿಗೆ ಬಿದ್ದ ಮೇಲೆ ಮೀಸೆಯಿಲ್ಲದ ಅವಳಿ ತಮ್ಮನೊಬ್ಬನನ್ನು ಹುಟ್ಟಿಸಬೇಕಾಗುತ್ತದೆ. ತಮ್ಮ ಹುಟ್ಟಿದ ಮೇಲೆ ತೀರಿಹೋದ ತಾಯಿಯೂ ಹುಟ್ಟಬೇಕಾಗುತ್ತದೆ. ಇಲ್ಲಿ ಸುಳ್ಳು ಹೇಳಿದವನು ಹುಡುಗನಾದರೂ ಆ ಸುಳ್ಳಿನ ಪ್ರತಿಯೊಂದು ಅಳತೆಯನ್ನೂ ಕೊಟ್ಟವನು ಯಜಮಾನ. ಅರ್ಹತೆಯನ್ನು ಬಟ್ಟೆಯಲ್ಲಿ, ಮುಖದ ಕೂದಲಲ್ಲಿ ಹುಡುಕುವ ಅಧಿಕಾರ ತನಗೆ ಬೇಕಾದ ಮೋಸಗಾರನನ್ನು ತಾನೇ ಹೊಲಿಸಿಕೊಳ್ಳುತ್ತದೆ ಎಂಬ ತರ್ಕವನ್ನು ಈ ಚಿತ್ರ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಕಥೆಯೇ ಹಾಗೆ ನಡೆಯುತ್ತದೆ. ಇದರ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಮುಂದೆ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿಗೆ ಮಾತು ಬರೆದದ್ದೂ ಅವರೇ. ಅದೇ ಲೇಖನಿ ಧರ್ಮರಾಯನಿಗೆ ಬರೆದರೆ ಸಾಹಿತ್ಯ, ಭವಾನಿಶಂಕರನಿಗೆ ಬರೆದರೆ ಟೈಂಪಾಸ್ ಎನ್ನುವುದು ಯಾವ ನ್ಯಾಯ? ‘ಗೋಲ್‌ಮಾಲ್’ ಕನ್ನಡಕ್ಕೂ ‘ಆಸೆಗೊಬ್ಬ ಮೀಸೆಗೊಬ್ಬ’ (1990) ಆಗಿ ಬಂತು. ಹೆಸರಿನಲ್ಲೇ ಮೀಸೆ ಉಳಿದುಕೊಂಡಿತು.

ಮಹಾಭಾರತದ ಮಾತು ಬಂದ ಮೇಲೆ ‘ಜಾನೆ ಭಿ ದೋ ಯಾರೋ’ ಚಿತ್ರವನ್ನು ಬಿಡಲಾಗದು. ಕುಂದನ್ ಶಾ ನಿರ್ದೇಶಿಸಿದ, ಸರ್ಕಾರದ ಚಿತ್ರ ಸಂಸ್ಥೆ ಎನ್‌ಎಫ್‌ಡಿಸಿ ಕಡಿಮೆ ಹಣದಲ್ಲಿ ತಯಾರಿಸಿದ ಈ ಚಿತ್ರದಲ್ಲಿ ನಸೀರುದ್ದೀನ್ ಶಾ ಮತ್ತು ರವಿ ಬಾಸ್ವಾನಿ ಹೊಟ್ಟೆಪಾಡಿಗೆ ಫೋಟೋ ಸ್ಟುಡಿಯೋ ತೆರೆದ ಗೆಳೆಯರು. ಕಟ್ಟಡ ಗುತ್ತಿಗೆದಾರರು, ಅಧಿಕಾರಿಗಳು, ಪತ್ರಿಕೆಯ ಸಂಪಾದಕಿ ಎಲ್ಲರೂ ಕೂಡಿ ನಡೆಸುವ ಲೂಟಿಗೆ ಅವರ ಕ್ಯಾಮೆರಾ ಸಾಕ್ಷಿಯಾಗುತ್ತದೆ. ಕೊಲೆಯಾದ ಕಮಿಷನರನ ಹೆಣವನ್ನು ಕಾಪಾಡಲು ಹೊರಟ ಇಬ್ಬರೂ ಓಡುತ್ತ ಓಡುತ್ತ ನಾಟಕವೊಂದರ ರಂಗಕ್ಕೆ ನುಗ್ಗುತ್ತಾರೆ. ಅಲ್ಲಿ ನಡೆಯುತ್ತಿರುವುದು ದ್ರೌಪದಿ ವಸ್ತ್ರಾಪಹರಣ. ಹೆಣಕ್ಕೆ ಸೀರೆ ಸುತ್ತಿ ದ್ರೌಪದಿಯಾಗಿ ನಿಲ್ಲಿಸಲಾಗಿದೆ. ಸೀರೆ ಎಳೆಯಲು ಬಂದವನು ಎಳೆಯಬಾರದೆಂದು ಪಟ್ಟು ಹಿಡಿಯುತ್ತಾನೆ, ಕುಡಿದ ಗುತ್ತಿಗೆದಾರ ಭೀಮನ ಗದೆ ಹಿಡಿದು ಮಧ್ಯೆ ಬರುತ್ತಾನೆ, ಕೊನೆಗೆ ಮೊಗಲ್ ದರಬಾರಿನವರೂ ರಂಗಕ್ಕೆ ನುಗ್ಗುತ್ತಾರೆ. ಎದುರಿಗೆ ಕೂತ ಪ್ರೇಕ್ಷಕರು ಇದೆಲ್ಲ ಆಟದ ಭಾಗವೆಂದೇ ನಂಬಿ ಚಪ್ಪಾಳೆ ತಟ್ಟುತ್ತಾರೆ. ದ್ರೌಪದಿ ವಸ್ತ್ರಾಪಹರಣವನ್ನು ಬಯಲಾಟದಲ್ಲಿ ಬೆಳಗಿನವರೆಗೆ ಕೂತು ನೋಡಿದ ಚಳ್ಳಕೆರೆ ಸೀಮೆಯ ಪ್ರೇಕ್ಷಕನಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಮಾನ ಕಳೆದುಕೊಳ್ಳುತ್ತಿರುವುದು ಯಾರು, ಸಭೆಯಲ್ಲಿ ಕುರುಡರಾಗಿ ಕೂತವರು ಯಾರು ಎಂಬುದು ಅವನಿಗೆ ಮೊದಲೇ ಗೊತ್ತು. ಚಿತ್ರದ ಕೊನೆಯಲ್ಲಿ ಕಳ್ಳರೆಲ್ಲ ಒಂದಾಗುತ್ತಾರೆ, ನಿರಪರಾಧಿ ಗೆಳೆಯರಿಬ್ಬರು ಕೈದಿಗಳ ಬಟ್ಟೆಯಲ್ಲಿ ಬೀದಿಗೆ ಬರುತ್ತಾರೆ. ಇದನ್ನು ‘ಹಗುರ’ ಎನ್ನಬೇಕಾದರೆ ತಕ್ಕಡಿಯನ್ನೇ ಬದಲಾಯಿಸಬೇಕು.

ಮೂರನೆಯ ಆಪಾದನೆ ಎಲ್ಲಕ್ಕಿಂತ ಜೋರಾದದ್ದು. ಈ ಚಿತ್ರಗಳು ಮೋಸವನ್ನು ಚೆಂದ ಮಾಡಿ ತೋರಿಸುತ್ತವೆ, ಅವನ್ನು ನೋಡಿ ಹಳ್ಳಿಯ ಹುಡುಗರು ಅಡ್ಡದಾರಿ ಹಿಡಿಯುತ್ತಾರೆ ಎಂಬುದು. ಮೊದಲು ಚಿತ್ರಗಳನ್ನೇ ನೋಡುವುದು ಒಳ್ಳೆಯದು. ‘ಶ್ರೀ 420’ರ ನಾಯಕ ಬೊಂಬಾಯಿಗೆ ಬಂದು ಮೊದಲು ಅಡವಿಡುವುದು ತನ್ನ ಪ್ರಾಮಾಣಿಕತೆಗೆ ಬಂದ ಪದಕವನ್ನು. ಅವನು ಸೇರಿಕೊಳ್ಳುವ ಸೇಠ್ ನೂರು ರೂಪಾಯಿಗೆ ಮನೆ ಕೊಡುತ್ತೇನೆಂದು ಬಡವರಿಂದ ಹಣ ಎತ್ತುತ್ತಾನೆ. ಆ ನೂರು ರೂಪಾಯಿಯ ಮನೆಯ ಜಾಹೀರಾತನ್ನು ನಿವೇಶನದ ಬ್ರೋಷರುಗಳಲ್ಲಿ ಜನ ಇಂದಿಗೂ ಓದುತ್ತಿದ್ದಾರೆ, ಸೊನ್ನೆಗಳು ಹೆಚ್ಚಿವೆ ಅಷ್ಟೆ. ಸಾಯಿ ಪರಾಂಜಪೆಯವರ ‘ಕಥಾ’ದಲ್ಲಿ ಬಾಶು ಎಂಬ ಮಾತಿನ ಮಲ್ಲ ಒಂದು ಚಾಳಿನ ಜನರನ್ನೆಲ್ಲ ನಗುನಗುತ್ತ ಬೋಳಿಸುತ್ತಾನೆ. ಫಾರೂಕ್ ಶೇಖ್ ಅವನನ್ನು ಎಷ್ಟು ಮುದ್ದಾಗಿ ಆಡುತ್ತಾರೆಂದರೆ ಪ್ರೇಕ್ಷಕನೂ ಅವನ ಬಲೆಗೆ ಬೀಳುತ್ತಾನೆ. ಆದರೆ ಬಾಶು ಗುಡಿಸಿಕೊಂಡು ಹೋದ ಮೇಲೆ ಉಳಿಯುವ ಹುಡುಗಿಯ ಮುಖವನ್ನು ಚಿತ್ರ ಬಿಡದೆ ತೋರಿಸುತ್ತದೆ. ಮೋಸದ ಆಕರ್ಷಣೆಯನ್ನು ಮೊದಲು ಅನುಭವಕ್ಕೆ ತಂದು ಆಮೇಲೆ ಅದರ ಬಿಲ್ಲನ್ನು ಕೈಗಿಡುವ ಈ ಕ್ರಮಕ್ಕೆ ವೈಭವೀಕರಣ ಎನ್ನುವುದು ಚಿತ್ರವನ್ನು ಅರ್ಧಕ್ಕೇ ಬಿಟ್ಟು ಎದ್ದವರ ಮಾತು.

‘ಖೋಸ್ಲಾ ಕಾ ಘೋಸ್ಲಾ’ ಇನ್ನೂ ನೇರವಾದದ್ದು. ನಿವೃತ್ತಿಯ ಹೊಸ್ತಿಲಲ್ಲಿರುವ ಮಧ್ಯಮ ವರ್ಗದ ಮನುಷ್ಯ ಜೀವಮಾನದ ಉಳಿತಾಯದಲ್ಲಿ ದಿಲ್ಲಿಯಲ್ಲಿ ಒಂದು ಸೈಟು ಕೊಳ್ಳುತ್ತಾನೆ. ಖುರಾನಾ ಎಂಬ ಭೂಗಳ್ಳ ಅದಕ್ಕೆ ಗೋಡೆ ಕಟ್ಟಿ, ಬಿಡಬೇಕಾದರೆ ಹದಿನೈದು ಲಕ್ಷ ಕೊಡು ಎನ್ನುತ್ತಾನೆ. ಪೊಲೀಸರು, ವಕೀಲರು, ರಾಜಕಾರಣಿಗಳು ಯಾರೂ ಉಪಯೋಗಕ್ಕೆ ಬರುವುದಿಲ್ಲ. ಕಡೆಗೆ ನಾಟಕದ ಮಂದಿ ಸೇರಿ ಆ ಖುರಾನಾನಿಗೇ ಸರ್ಕಾರಿ ಜಮೀನು ತೋರಿಸಿ ಹಣ ಕೀಳುತ್ತಾರೆ. ಹಗಲುವೇಷದವರು ಊರ ಗೌಡನಿಗೆ ಪಾಠ ಕಲಿಸಿದಂತೆ ಇದೆ ಇಡೀ ಪ್ರಸಂಗ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ದೊಡ್ಡ ಸಂಸ್ಥೆಗಳ ಪಾಲಾದುದನ್ನೂ, ಅದಕ್ಕಾಗಿ ಹಸಿರು ನ್ಯಾಯಮಂಡಳಿಯವರೆಗೆ ವ್ಯಾಜ್ಯ ಹೋದುದನ್ನೂ ಕಂಡ ಚಳ್ಳಕೆರೆ ತಾಲೂಕಿನವರಿಗೆ ನೆಲದ ಕಾಗದ ಎಂದರೇನು, ಬೇಲಿ ಎಂದರೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವಲಿನದು ಸರ್ಕಾರದ ಮಂಜೂರಾತಿ, ಖುರಾನಾನದು ಗೂಂಡಾಗಿರಿ, ಎರಡೂ ಒಂದಲ್ಲ. ಆದರೆ ಬೆಳಗಾಗೆದ್ದು ನೋಡಿದರೆ ನಿನ್ನೆ ತಿರುಗಾಡಿದ ಜಾಗಕ್ಕೆ ಗೋಡೆ ಬಂದಿದೆ ಎಂಬ ದಿಗ್ಭ್ರಮೆ ಎರಡು ಕಡೆಯೂ ಒಂದೇ.

ಇನ್ನು ಹುಡುಗರು ಕೆಡುವ ವಿಷಯ. ಈ ಸೀಮೆಯ ಬದುಕು ನಂಬಿಕೆ ಮತ್ತು ಪರೀಕ್ಷೆ ಎರಡರ ಮೇಲೂ ನಿಂತಿದೆ. ಶೇಂಗಾ ಮಾರುಕಟ್ಟೆಯಲ್ಲಿ ಚೀಲದಿಂದ ಒಂದು ಹಿಡಿ ತೆಗೆದು, ಸಿಪ್ಪೆ ಸುಲಿದು, ಕಾಳು ನೋಡಿಯೇ ದರ ಹೇಳುತ್ತಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದ್ದರೂ ಕೈಮಗ್ಗದ್ದೆಂದು ಹೇಳಿ ಪವರ್‌ಲೂಮಿನದನ್ನು, ರೇಷ್ಮೆಯೆಂದು ಹೇಳಿ ಕೃತಕ ನೂಲಿನದನ್ನು ಮಾರುವವರ ಕಾಟ ನೇಕಾರರಿಗೆ ತಪ್ಪಿಲ್ಲ. ಸೀರೆಯ ಅಂಚಿನಿಂದ ಒಂದೆಳೆ ಕಿತ್ತು ಸುಟ್ಟು ನೋಡುವುದು ಹಳೆಯ ಪರೀಕ್ಷೆ: ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಕೃತಕ ನೂಲು ಕರಗಿ ಗಟ್ಟಿ ಉಂಡೆಯಾಗುತ್ತದೆ. ನಕಲಿ ಸೀರೆ ಮಾರುವವನು ಆ ವಿದ್ಯೆಯನ್ನು ‘ಬಂಟಿ ಔರ್ ಬಬ್ಲಿ’ ನೋಡಿ ಕಲಿತವನಲ್ಲ. ದುಪ್ಪಟ್ಟು ಹಣದ ಚೀಟಿ, ಸರಪಳಿ ಯೋಜನೆ, ಲಾಟರಿ ಬಂದಿದೆ ಎಂಬ ಫೋನು, ಈಚಿನ ‘ಡಿಜಿಟಲ್ ಅರೆಸ್ಟ್’ ಇವುಗಳ ಹಿಂದಿರುವವರೂ ಹಾಸ್ಯಚಿತ್ರದ ಅಭಿಮಾನಿಗಳೆಂದು ಸಾಬೀತು ಮಾಡಿದವರಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಖಂಡಿಸುವವರು ಅದನ್ನು ಗಮನಿಸಿಯೇ ಇಲ್ಲ. ನಿಜವಾದ ವಂಚಕ ಎಂದೂ ನಗಿಸುವುದಿಲ್ಲ. ಅವನು ಬರುವುದು ಅತ್ಯಂತ ಗಂಭೀರವಾಗಿ. ಗೋಡೆಯ ಮೇಲೆ ದೇವರ ಪಟ, ಕೈಯಲ್ಲಿ ಮೊಹರು ಬಿದ್ದ ಕಾಗದ, ಬಾಯಲ್ಲಿ ಕಾನೂನಿನ ಕಲಮು, ವಿಡಿಯೋ ಕರೆಯಲ್ಲಿ ಪೊಲೀಸ್ ಸಮವಸ್ತ್ರ, ಜೊತೆಗೆ ‘ಈಗಲೇ, ಈ ಕ್ಷಣವೇ’ ಎಂಬ ಅವಸರ. 1987ರಲ್ಲಿ ಬೊಂಬಾಯಿಯಲ್ಲಿ ಒಬ್ಬ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ನಿರುದ್ಯೋಗಿಗಳನ್ನು ತನಿಖಾ ಅಧಿಕಾರಿಗಳೆಂದು ನೇಮಿಸಿಕೊಂಡು, ಅವರನ್ನೇ ಕರೆದೊಯ್ದು ಒಡವೆ ಅಂಗಡಿಯೊಂದರ ಮೇಲೆ ದಾಳಿ ನಡೆಸಿ ಒಡವೆಯೊಂದಿಗೆ ಮಾಯವಾದ. ದಾಳಿಗೆ ಹೋದವರಿಗೂ ಅದು ಸುಳ್ಳೆಂದು ಗೊತ್ತಿರಲಿಲ್ಲ. ‘ಸ್ಪೆಷಲ್ 26’ (2013) ಚಿತ್ರಕ್ಕೆ ಮೂಲ ಅದೇ ಘಟನೆ. ಗಂಭೀರ ಮುಖ, ಅಧಿಕಾರದ ಧ್ವನಿ, ಒಂದಷ್ಟು ಜನರ ಸಾಕ್ಷಿ ಸೇರಿದರೆ ನಂಬಿಕೆ ಹೇಗೆ ತಯಾರಾಗುತ್ತದೆ ಎಂಬುದನ್ನು ಠಕ್ಕರ ಹಾಸ್ಯಚಿತ್ರ ಒಳಗಿನಿಂದ ಬಿಚ್ಚಿ ತೋರಿಸುತ್ತದೆ. ಸಮವಸ್ತ್ರ ಕಂಡೊಡನೆ ಎದ್ದು ನಿಲ್ಲುವುದನ್ನು ಕಲಿಸಿದವು ಹೀರೋ ಪೊಲೀಸಾಗಿ ಬಂದು ಭಾಷಣ ಬಿಗಿಯುವ ಗಂಭೀರ ಚಿತ್ರಗಳು. ಸಮವಸ್ತ್ರದೊಳಗೆ ಯಾರಿದ್ದಾರೆ ಎಂದು ಇಣುಕುವುದನ್ನು ಕಲಿಸಿದವು ಈ ‘ಟೈಂಪಾಸ್’ ಚಿತ್ರಗಳೇ. ಯಾವುದು ಅಪಾಯ?

ಗೆಳೆತನ ಮತ್ತು ಪ್ರೇಮ ಈ ಚಿತ್ರಗಳಲ್ಲಿ ಅಂಟಿಸಿದ ಅಲಂಕಾರವೂ ಅಲ್ಲ. ಸುಳ್ಳಿಗೆ ಸಾಕ್ಷಿ ಬೇಕು, ಸಾಕ್ಷಿಗೆ ಗೆಳೆಯ ಬೇಕು. ‘ಪಡೋಸನ್’ನಲ್ಲಿ ಹಾಡಲು ಬಾರದ ನಾಯಕ ಕಿಟಕಿಯಲ್ಲಿ ತುಟಿ ಆಡಿಸಿದರೆ ಮರೆಯಲ್ಲಿ ಹಾಡುವವನು ಗೆಳೆಯ. ‘ಚಶ್ಮೆ ಬದ್ದೂರ್’ನಲ್ಲಿ ಒಂದೇ ಕೋಣೆಯ ಮೂವರಲ್ಲಿ ಇಬ್ಬರು ತಾವು ಹುಡುಗಿಯನ್ನು ಗೆದ್ದೆವೆಂದು ಕಟ್ಟುಕಥೆ ಹೇಳಿಕೊಳ್ಳುತ್ತಾರೆ. ಮೂರನೆಯವನ ನಿಜವಾದ ಪ್ರೇಮವನ್ನು ಕೆಡಿಸುವುದು ಆ ಜಂಭದ ಕಥೆಗಳೇ. ಬೆಳಗಾವಿ ಕಡೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಗೆಳೆತನ, ಪ್ರೇಮ, ಮೋಸ ಎಂಬ ಇದೇ ಮೂರು ಎಳೆಗಳಿಂದ ಕೊಲೆಯ ಕಥೆ ನೇಯ್ದಿದ್ದಕ್ಕೆ ವಿದ್ವಾಂಸರು ಗೌರವ ಕೊಡುತ್ತಾರೆ. ಅದೇ ಎಳೆಗಳಿಂದ ನಗು ನೇಯ್ದರೆ ಮರ್ಯಾದೆ ಕಡಿಮೆ.

ಗಂಭೀರವಾದದ್ದೇ ಶ್ರೇಷ್ಠ ಎಂಬ ಭಾವನೆಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ಕಾರಣವೂ ಇದೆ. ಚಳ್ಳಕೆರೆ ತಾಲೂಕಿನ ತಳುಕಿನ ಮನೆತನದ ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ನಾಗರಹಾವು’ (1972) ದುರ್ಗದ ಕೋಟೆಯನ್ನು ಸಿಟ್ಟು ಮತ್ತು ಕಣ್ಣೀರಿನ ಜೊತೆ ಶಾಶ್ವತವಾಗಿ ಬೆಸೆದುಬಿಟ್ಟಿತು. ಅದು ದೊಡ್ಡ ಚಿತ್ರ, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಕಥೆಯನ್ನು ಅದೇ ನಿರ್ದೇಶಕರು ರಿಷಿ ಕಪೂರ್ ಅವರನ್ನಿಟ್ಟು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ (1974) ಮಾಡಿದಾಗ ಗಂಭೀರತೆ ಅದನ್ನು ಕಾಪಾಡಲಿಲ್ಲ, ಚಿತ್ರ ಸೋತಿತು. ಹಗುರ ಚಿತ್ರಗಳ ಹಣೆಬರಹ ಇನ್ನೊಂದು ಬಗೆಯದು. ‘ಅಂದಾಜ್ ಅಪ್ನಾ ಅಪ್ನಾ’ 1994ರಲ್ಲಿ ಚಿತ್ರಮಂದಿರಗಳಲ್ಲಿ ಗೆಲ್ಲಲಿಲ್ಲ. ಟಿವಿಯಲ್ಲಿ ಮತ್ತೆ ಮತ್ತೆ ನೋಡಿದ ಜನ ಅದನ್ನು ಉಳಿಸಿಕೊಂಡರು. ಮೂವತ್ತು ವರ್ಷ ಉಳಿದ ಚಿತ್ರವನ್ನು ಹೊತ್ತು ಕಳೆಯುವ ಸರಕು ಎನ್ನುವುದು ಹೇಗೆ?

ಈ ಚಿತ್ರಗಳಲ್ಲಿ ದೋಷವಿಲ್ಲವೆಂದಲ್ಲ. ದೋಷ ಬೇರೆ ಕಡೆ ಇದೆ. ‘ಅಂದಾಜ್ ಅಪ್ನಾ ಅಪ್ನಾ’ದಲ್ಲಿ ಇಬ್ಬರು ಸೋಮಾರಿಗಳಿಗೆ ಸಾಹುಕಾರನ ಮಗಳು ಗೆಲ್ಲಬೇಕಾದ ಬಹುಮಾನ, ಅವಳ ಮನಸ್ಸು ಕಥೆಗೆ ಬೇಕಾಗಿಲ್ಲ. ‘ಪಡೋಸನ್’ನ ದಕ್ಷಿಣದ ಸಂಗೀತ ಮೇಷ್ಟ್ರು, ಮೆಹಮೂದರ ಅಭಿನಯ ಎಷ್ಟೇ ಚೆನ್ನಾಗಿರಲಿ, ಉತ್ತರದವರು ಮದ್ರಾಸಿ ಎಂದು ಗೇಲಿ ಮಾಡುವ ಚಾಳಿಯ ಫಲ. 2006ರಲ್ಲಿ ಶುರುವಾದ ‘ಗೋಲ್‌ಮಾಲ್’ ಎಂಬ ಇನ್ನೊಂದು ಸರಣಿ ಹಳೆಯ ಹೆಸರನ್ನಷ್ಟೇ ಎತ್ತಿಕೊಂಡು ಮಾತು ಬಾರದವನ ತೊದಲಿಗೆ ನಗಿಸಿತು. ‘ಬಂಟಿ ಔರ್ ಬಬ್ಲಿ’ಯಲ್ಲಿ ಟೋಪಿ ಹಾಕಿಸಿಕೊಂಡವರು ಆಮೇಲೆ ಏನಾದರೆಂಬ ಚಿಂತೆ ಯಾರಿಗೂ ಇಲ್ಲ, ಕೊನೆಗೆ ಪೊಲೀಸ್ ಅಧಿಕಾರಿಯೇ ಅವರನ್ನು ಕೆಲಸಕ್ಕೆ ಕರೆಯುತ್ತಾನೆ. ಇವು ಟೀಕಿಸಬೇಕಾದ ವಿಷಯಗಳು. ಹೆಣ್ಣನ್ನು, ಊನವಿರುವವರನ್ನು, ಬೇರೆ ಭಾಷೆಯವರನ್ನು ಕಾಣುವ ಬಗೆಯನ್ನು ಹಿಡಿದು ಪ್ರಶ್ನಿಸಬೇಕಾದರೆ ಮೊದಲು ಆ ಚಿತ್ರಗಳನ್ನು ಗಮನವಿಟ್ಟು ನೋಡಬೇಕು. ಟೈಂಪಾಸ್ ಎಂದವರಿಗೆ ಆ ಕಷ್ಟವೇ ಬೇಡ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಗೋಣಿಗೆ ತುಂಬಿ ಆಚೆ ಎಸೆದರಾಯಿತು.

ಕನ್ನಡದಲ್ಲೂ ಈ ಅನ್ಯಾಯ ನಡೆದಿದೆ. ಫಣಿ ರಾಮಚಂದ್ರ ಅವರ ‘ಗೌರಿ ಗಣೇಶ’ (1991) ಚಿತ್ರದಲ್ಲಿ ಅನಂತನಾಗ್ ಆಡಿದ ಲಂಬೋದರ, ತೀರಿಹೋದ ಹೆಣ್ಣೊಬ್ಬಳ ನೆನಪನ್ನು ಹಿಡಿದು ಮೂವರು ಗೌರವಸ್ಥರಿಂದ ಹಣ ಕೀಳುವವನು. ಅವರು ಹಣ ಕೊಡುವುದು ಅವನ ಜಾಣತನಕ್ಕೆ ಸೋತು ಮಾತ್ರವಲ್ಲ, ತಮ್ಮ ಒಳಗಿನ ಅಳುಕಿಗೂ ಹೆದರಿ. ಗೌರವಸ್ಥರ ಬಗ್ಗೆ ಇಷ್ಟು ಚುರುಕಾಗಿ ಮಾತಾಡಿದ ಚಿತ್ರವನ್ನು ನೆನೆಯುವವರೂ ‘ಒಳ್ಳೆ ಕಾಮಿಡಿ’ ಎಂದು ಮುಗಿಸುತ್ತಾರೆ.

ಚಳ್ಳಕೆರೆ, ಮೊಳಕಾಲ್ಮೂರುಗಳ ಕಾಲೇಜುಗಳಲ್ಲಿ ಸೈಬರ್ ವಂಚನೆಯ ಬಗ್ಗೆ ಜಾಗೃತಿ ಶಿಬಿರ ನಡೆಸುವವರು 1930 ಎಂಬ ಸಹಾಯವಾಣಿ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದ ನಂತರ ‘ಕಥಾ’ವನ್ನೋ ‘ಖೋಸ್ಲಾ ಕಾ ಘೋಸ್ಲಾ’ವನ್ನೋ ಒಮ್ಮೆ ತೋರಿಸಲಿ. ಹಗಲುವೇಷ ಬಲ್ಲ ಹಿರಿಯ ಕಲಾವಿದರು ಹತ್ತಿರದಲ್ಲಿದ್ದರೆ ಅವರನ್ನೂ ಅದೇ ದಿನ ಕರೆಸಿ, ತಕ್ಕ ಸಂಭಾವನೆ ಕೊಟ್ಟು, ಮುನ್ಸೂಚನೆಯಿಲ್ಲದೆ ತರಗತಿಯೊಳಕ್ಕೆ ಬಿಡಲಿ.